ಅಪ್ಪನ ನಾಯಕ ಸಾಯಲಿಲ್ಲ

ನನ್ನ ಚಿಕ್ಕಮ್ಮ ಇಪ್ಪತ್ತೆರಡು ವರ್ಷ ಅಪ್ಪನ ಕಾದಂಬರಿಗಳನ್ನು ಟೈಪ್ ಮಾಡಿದಳು. ಮಾಂತ್ರಿಕರು, ಹಾರುವ ಕುದುರೆಗಳು, ಸಾವಿಲ್ಲದ ರಾಜರು ತುಂಬಿದ್ದ ಆ ಪುಸ್ತಕಗಳಲ್ಲಿ ಅವಳ ಹೆಸರು ಒಮ್ಮೆಯೂ ಅಚ್ಚಾಗಲಿಲ್ಲ. ಅಪ್ಪನ ಕೋಳಿಕಾಲು ಅಕ್ಷರ ಓದಲು ಬರುತ್ತಿದ್ದುದು ಅವಳೊಬ್ಬಳಿಗೇ. ಅಪ್ಪನಿಗೋ ತಾವು ಬರೆದದ್ದನ್ನು ಮತ್ತೆ ಓದುವುದೆಂದರೆ ಅವಮಾನ. ಟೈಪಾದ ಪ್ರತಿ ಹಾಳೆಯ ಅಡಿಗೆ ಸಹಿ ಗೀಚಿ, ಕಣ್ಣೂ ಹಾಯಿಸದೆ ಪ್ರಕಾಶಕರಿಗೆ ಕಳಿಸುತ್ತಿದ್ದರು.

ಅಮ್ಮ ಚಿಕ್ಕಮ್ಮನ ಒಡಹುಟ್ಟಿದ ಅಕ್ಕ. ಆಸ್ಪತ್ರೆಯಲ್ಲಿ ಹನ್ನೊಂದು ದಿನ ಬಾಗಿಲು ನೋಡುತ್ತ ಮಲಗಿದ್ದಳು. ಅಪ್ಪ ಕೋಣೆಯ ಚಿಲಕ ಹಾಕಿಕೊಂಡು ಅಧ್ಯಾಯ ಮುಗಿಸುತ್ತಿದ್ದರು. ಕರೆಯಲು ಹೋದ ಚಿಕ್ಕಮ್ಮನಿಗೆ, ನಾಳೆ ಬರುತ್ತೇನೆಂದು ಒಳಗಿನಿಂದಲೇ ಹೇಳಿದರು. ಬರುವಷ್ಟರಲ್ಲಿ ಅಮ್ಮ ತೀರಿಕೊಂಡಿದ್ದಳು. ಇದನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಎರಡು ವರ್ಷದ ಮೇಲೆ ಆ ಕಾದಂಬರಿಮಾಲೆಯ ಕೊನೆಯ ಸಂಪುಟದ ಹಸ್ತಪ್ರತಿ ಚಿಕ್ಕಮ್ಮನ ಮೇಜಿಗೆ ಬಂತು. ನಾಯಕ ಸಾಕ್ಷಾತ್ ಅಪ್ಪನೇ, ಸ್ವಲ್ಪ ಎತ್ತರ ಜಾಸ್ತಿ ಅಷ್ಟೆ. ಸತ್ತ ಹೆಂಡತಿ ನದಿಯಾಚೆಯ ಲೋಕದಲ್ಲಿದ್ದಾಳೆ. ಇವನ ಕೈಯಲ್ಲಿ ಅಮೃತದ ಬಟ್ಟಲು. ಕುಡಿದರೆ ಎಂದೆಂದಿಗೂ ಸಾವಿಲ್ಲ, ಆದರೆ ಆ ನದಿ ದಾಟುವಂತೆಯೂ ಇಲ್ಲ. ಅವನು ಬಟ್ಟಲು ಚೆಲ್ಲಿ, ಮನುಷ್ಯನಂತೆ ಸತ್ತು, ಆಚೆ ದಡ ಸೇರುತ್ತಾನೆ. ತಡವಾಗಿ ಬಂದದ್ದಕ್ಕೆ ತನಗೇನೂ ಬೇಸರವಿಲ್ಲವೆಂದು ಹೆಂಡತಿ ನಗುತ್ತಾಳೆ.

ಅಮ್ಮನ ಬಾಯಿಗೆ ಆ ಮಾತು ತುರುಕಿದ್ದನ್ನು ಕಂಡು ಚಿಕ್ಕಮ್ಮನ ಮೈ ಉರಿದುಹೋಯಿತು. ಕೊನೆಯ ನಾಲ್ಕು ಪುಟ ತಾನೇ ಬರೆದಳು. ಅವಳ ಪುಟಗಳಲ್ಲಿ ನಾಯಕ ಅಮೃತವನ್ನು ಗಟಗಟ ಕುಡಿದು, ಹೆಂಡತಿಯ ಮುಖ ಕಾಣದೆ ಯುಗಯುಗ ಈಚೆ ದಡದಲ್ಲೇ ಅಲೆಯುತ್ತಾನೆ. ಅಪ್ಪ ಎಂದಿನಂತೆ ನಾಲ್ಕಕ್ಕೂ ಸಹಿ ಗೀಚಿದರು.

ಬಿಡುಗಡೆಯ ಸಭೆಯಲ್ಲಿ ಯಾರೋ ಕೊನೆಯ ಪುಟ ಓದಿದಾಗಲೇ ಅವರಿಗೆ ಗೊತ್ತಾದದ್ದು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ತಾವು ಬರೆದದ್ದಲ್ಲ ಎಂದರೆ ಓದದೆ ಸಹಿ ಹಾಕಿದ್ದನ್ನು ಒಪ್ಪಿಕೊಳ್ಳಬೇಕು. ಉಗುಳಲೂ ಆಗದೆ ನುಂಗಲೂ ಆಗದೆ ಹಾರ ಹಾಕಿಸಿಕೊಂಡರು.

ಮನೆಗೆ ಬಂದವರೇ ಚಿಕ್ಕಮ್ಮನ ಮೇಜಿನ ಮುಂದೆ ನಿಂತರು.

"ನಾನು ಅವನನ್ನ ಅವಳ ಹತ್ರ ಕಳಿಸಿದ್ದೆ," ಎಂದರು.

"ಗೊತ್ತು ಭಾವ. ಅಲ್ಲಾದ್ರೂ ನಮ್ಮಕ್ಕ ನೆಮ್ಮದಿಯಾಗಿರ್ಲಿ. ನೀವು ಅಲ್ಲಿಗೆ ಹೋಗೋದು ಬೇಡ."

ಅಪ್ಪ ನನ್ನ ಮುಖ ನೋಡಿದರು. ನಾನು ಎದ್ದು ಹೋಗಿ ಚಿಕ್ಕಮ್ಮನ ಪಕ್ಕ ಕೂತೆ.