ಓವರಾಲ್ ಆದ ಜೀಪು

ರಿಪೇರಿಗೆ ಕೊಟ್ಟ ಸಾಮಾನನ್ನು ಮರೆತು, ಆ ರಿಪೇರಿಯ ಹೆಸರಿನ ಬೆನ್ನು ಹತ್ತುವುದು ನನ್ನ ಹಳೆಯ ಚಟ. ತೊಂಬತ್ತರ ದಶಕದ ಕೊನೆಯಲ್ಲಿ ಹಾನುಬಾಳಿನ ಮೆಕ್ಯಾನಿಕ್ ರಾಜಣ್ಣ ನಮ್ಮ ಮುದಿ ಜೀಪಿನ ಬಾನೆಟ್ಟಿನೊಳಗೆ ತಲೆ ತೂರಿಸಿ, "ಇದಕ್ಕೆ ಚಿಲ್ಲರೆ ಮದ್ದು ನಾಟಲ್ಲ ಕಣ್ರೀ, ಇಂಜಿನ್ನೆಲ್ಲ ಬಿಚ್ಚಿ ಓವರಾಲೇ ಮಾಡ್ಬೇಕು" ಎಂದ. ನಾನು ಖರ್ಚೆಷ್ಟು ಎಂದೂ ಕೇಳದೆ ಮನೆಗೆ ಬಂದು ನಿಘಂಟು ತೆಗೆದೆ.

ನೋಡಿ, ಇದು ಹಡಗಿನವರ ಮಾತಂತೆ! ರಾಟೆಯ ಹಗ್ಗವನ್ನು ಸಡಿಲಿಸಿ, ಎಲ್ಲಾದರೂ ಸವೆದಿದೆಯೇ ಎಂದು ನೋಡಿ, ಮತ್ತೆ ಬಿಗಿಯುವುದಕ್ಕೆ ನಾವಿಕರು 'ಓವರ್‌ಹಾಲ್' ಎನ್ನುತ್ತಿದ್ದರು. ಮುಂದೆ ಹೋಗುವ ಹಡಗನ್ನು ಹಿಂದೆ ಹಾಕುವುದಕ್ಕೂ ಅದೇ ಪದ. ಆಮೇಲೆ ಅದು ದಡ ಹತ್ತಿ ಇಂಜಿನ್ನುಗಳಿಗೆ ಅಂಟಿಕೊಂಡಿತು. ಈಗಂತೂ ಇಂಗ್ಲಿಷ್ ಪೇಪರಿನಲ್ಲಿ ಪರೀಕ್ಷೆಗೂ ಓವರ್‌ಹಾಲ್, ತೆರಿಗೆಗೂ ಓವರ್‌ಹಾಲ್. ಸಮುದ್ರದ ಗಾಳಿಯೂ ಸೋಕದ ನಮ್ಮೂರಿನಲ್ಲಿ ಕಾಫಿ ಹಣ್ಣು ಸುಲಿಯುವ ಪಲ್ಪರಿಗೂ ಸೀಸನ್ನಿಗೆ ಮುಂಚೆ ಒಂದು ಓವರಾಲ್. ನನಗೋ ಹಿಗ್ಗೋ ಹಿಗ್ಗು.

ಹೆಂಡತಿ ಸರೋಜಳ ಮುಂದೆ ಇದನ್ನೆಲ್ಲ ಬಣ್ಣಿಸಿದೆ. ಅವಳು ಅಕ್ಕಿ ಆರಿಸುತ್ತ, "ಹಡಗಾರ ಆಗ್ಲಿ, ದೋಣಿಯಾರ ಆಗ್ಲಿ. ಓವರಾಲ್ ಆದ್ಮೇಲೂ ನಮ್ಮನೆ ಏರಲ್ಲಿ ನಿಂತ್ರೆ ಮಾರ್ಬುಡಿ. ಎಲ್ಲಾರೂ ಕಾರ್ ತಗೊಂಡವ್ರೆ" ಎಂದಳು. ಮಾರುವುದೇ? ಮದುವೆಯಾದ ವರ್ಷ ಕೊಂಡ ಜೀಪು! ಅದರ ಹ್ಯಾಂಡ್‌ಬ್ರೇಕ್ ಕೆಲಸ ಮಾಡಿದ್ದನ್ನು ಕಂಡವರಿಲ್ಲ, ನಿಜ. ಏರಿನಲ್ಲಿ ನಿಂತರೆ ಸರೋಜಳೇ ಸೀಟಿನಡಿಯ ಕಲ್ಲು ಹಿಡಿದು ಕೆಳಗೆ ಹಾರಿ, ಹಿಂದಿನ ಗಾಲಿಗೆ ಕೊಡಬೇಕು. ಮಗ್ಗೆಯ ತವರುಮನೆಯ ಗದ್ದೆ ಬದುವಿನಿಂದ ಅವಳೇ ಆರಿಸಿ ತಂದ ಕಲ್ಲು ಅದು. ತವರಿನಿಂದ ಬಂದದ್ದರಲ್ಲಿ ಇನ್ನೂ ಗಟ್ಟಿಯಾಗಿರುವುದು ಇದೊಂದೇ ಎಂದು ನಾನು ರೇಗಿಸುವುದುಂಟು.

ಓವರಾಲ್ ಮುಗಿಯಿತು. ಮಿಕ್ಕ ಒಂದಷ್ಟು ನಟ್ಟುಗಳನ್ನು ರಾಜಣ್ಣ ಪೊಟ್ಟಣ ಕಟ್ಟಿ ನನ್ನ ಕೈಗಿತ್ತ. "ಇವು ಇಲ್ದಿದ್ರೂ ಓಡುತ್ತೆ, ನೀವು ಹೊರಡಿ ಮಾರಾಯ್ರೆ" ಎಂದ. ಜೊತೆಗೆ ಬಂದಿದ್ದ ಸರೋಜಳನ್ನು ಕೂರಿಸಿಕೊಂಡು, ಇದ್ದಬದ್ದ ದೇವರಿಗೆಲ್ಲ ಕೈಮುಗಿದು ಮನೆ ಕಡೆ ಹೊರಟೆ.

ಜೀಪು ಅರ್ಧ ಏರು ಹತ್ತಿತು, ಕೆಮ್ಮಿತು, ನಿಂತಿತು. ನಾನು ಬ್ರೇಕು ಒತ್ತಿ ಹಿಡಿದು ಕಣ್ಣು ಮುಚ್ಚಿದೆ. ಅಷ್ಟರಲ್ಲಿ ಅವಳು ಸೆರಗು ಸಿಕ್ಕಿಸಿ ಕೆಳಗೆ ಹಾರಿಯಾಗಿತ್ತು. ಟಕ್ಕೆಂದು ಕಲ್ಲು ಕೂತ ಸದ್ದು. ಗಾಲಿ ಒಂದಿಷ್ಟೂ ಜಾರಲಿಲ್ಲ.

ಇಳಿದು ಬಂದು, "ನಾಳೆನೇ ಮಾರ್ತೀನಿ ಕಣೆ" ಎಂದೆ.

ಅವಳು ಕೈಯ ಮಣ್ಣು ಕೊಡವುತ್ತ ಕಲ್ಲನ್ನು ನೋಡಿದಳು, ನನ್ನನ್ನು ನೋಡಿದಳು. "ಬ್ಯಾಡ ಬುಡಿ. ಆ ಕಾರಲ್ಲಿ ನಾನೇನ್ ಸುಮ್ನೆ ಗೊಂಬೆ ತರ ಕೂತ್ಕಂಡಿರ್ಬೇಕಾ?"

ಜೀಪು ಈಗಲೂ ನಮ್ಮಲ್ಲೇ ಇದೆ, ಏರಿನಲ್ಲಿ ಈಗಲೂ ನಿಲ್ಲುತ್ತದೆ. ಆ ನಟ್ಟುಗಳ ಪೊಟ್ಟಣವನ್ನು ಮಾತ್ರ ರಾಜಣ್ಣನ ಕೈಗೆ ಸಿಗದ ಹಾಗೆ ಬಚ್ಚಿಟ್ಟಿದ್ದೇನೆ.