ಕಿಸೆಯಲ್ಲಿ ಮೂರು ಫ್ಯೂಜು

ಮುದ್ದೇಬಿಹಾಳದ ಆ ಕಲ್ಯಾಣ ಮಂಟಪದ ಮಾಳಿಗೆಯ ಮೇಲೆ ಕ್ರೇನಿನಿಂದ ಇಳಿಸಿದ್ದ ಏಸಿ ಯಂತ್ರ ಎಷ್ಟು ದೊಡ್ಡದಿತ್ತು ಎಂದರೆ, ಇಂಡಿ ಊರಿನಲ್ಲಿರುವ ನಮ್ಮ ಮನೆಯನ್ನು ಅದರೊಳಗಿಟ್ಟು, ಪಕ್ಕದಲ್ಲಿ ನಮ್ಮ ಎಮ್ಮೆಯನ್ನೂ ಕಟ್ಟಿ ಬಾಗಿಲು ಹಾಕಿಕೊಳ್ಳಬಹುದಿತ್ತು. ನಮಗೆ ಎಮ್ಮೆ ಇಲ್ಲ. ಆದರೂ ಅದಕ್ಕೆ ಜಾಗ ಇತ್ತು.

ಗೋಡೆಗೆ ನೇತುಹಾಕುವ ಮನೆಯ ಏಸಿಯಂತೆ ಇದು ಅರ್ಧ ಒಳಗೆ, ಅರ್ಧ ಹೊರಗೆ ಇರುವುದಲ್ಲ. ಫ್ಯಾನು, ಕಂಪ್ರೆಸರ್, ಕೊಳವೆ ಎಲ್ಲವನ್ನೂ ಒಂದೇ ಡಬ್ಬಿಯಲ್ಲಿ ತುಂಬಿ ಕಳಿಸಿರುತ್ತಾರೆ. ಮಾಳಿಗೆಗೆ ತೂತು ಹೊಡೆದು ತಗಡಿನ ದಾರಿ ಮಾಡಿಕೊಟ್ಟರೆ ತಂಪು ಕೆಳಗಿನ ಹಾಲಿಗೆ ಸುರಿಯುತ್ತದೆ. ಕೆಳಗಿನ ಬೋರ್ಡಿನಿಂದ ಮೂರು ಫೇಸಿನ ಕೇಬಲ್ಲನ್ನು ಮೇಲೆ ಒಯ್ದು ಯಂತ್ರಕ್ಕೆ ಕೂಡಿಸುವುದು, ಚಾಲೂ ಮಾಡಲು ತಯಾರು ಮಾಡುವುದು ನಮ್ಮ ಕೆಲಸ. ನಾವು ಎಂದರೆ ನಮ್ಮ ಕಾಕಾ ಮತ್ತು ನಾನು. ನನಗೆ ಹದಿನೆಂಟು. ಐಟಿಐ ಮುಗಿಸಿದ್ದೇನೆ. ವೈರು ಕತ್ತರಿಸುವ ಪಕ್ಕಡವನ್ನು ಬೆರಳ ಮೇಲೆ ತಿರುಗಿಸುವ ನನ್ನ ರೀಲ್ಸ್ ನೋಡಲು ಇಡೀ ವಿಜಯಪುರ ಜಿಲ್ಲೆ ಕಾದು ಕುಳಿತಿದೆ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಕಾಯುವವರು ನನ್ನ ಅತ್ತೆಯ ಇಬ್ಬರು ಮಕ್ಕಳು. ಅವರಲ್ಲಿ ಒಬ್ಬನಿಗೆ ಫೋನಿಲ್ಲ.

ಅದು ಏಪ್ರಿಲ್ ತಿಂಗಳು. ಬರುವ ದಾರಿಯಲ್ಲಿ ಬಸವನ ಬಾಗೇವಾಡಿಯಲ್ಲಿ ಚಹಾಕ್ಕೆ ನಿಂತೆವು. ಬಿಸಿಲಲ್ಲಿ ನಿಂತಿದ್ದ ಬೈಕಿನ ಸೀಟಿನ ಮೇಲೆ ಮತ್ತೆ ಕುಳಿತಾಗ ನನ್ನ ಪ್ಯಾಂಟಿನಿಂದ ಇಸ್ತ್ರಿಯ ವಾಸನೆ ಬಂತು. ಕಾಕಾನಿಗೆ ಹೇಳಿದೆ. ಕಾಕಾ ನಗಲಿಲ್ಲ. ಕಾಕಾ ನಗುವುದೇ ಇಲ್ಲ. ಅವನನ್ನು ನಗಿಸುವುದೇ ನನ್ನ ನಿಜವಾದ ವೃತ್ತಿ, ವೈರಿಂಗು ಕೈಖರ್ಚಿಗೆ.

ಮಂಟಪಕ್ಕೆ ಹೋದ ಕೂಡಲೇ ಕಾಕಾ ಬೋರ್ಡಿನ ಮೇನ್ ಸ್ವಿಚ್ ಕೆಳಗೆ ಎಳೆದ, ಹಾಲಿನ ಫ್ಯಾನು ನಿಂತಿತು. ಡಬ್ಬಿ ತೆರೆದು ಮೂರು ಬಿಳಿ ಪಿಂಗಾಣಿ ಫ್ಯೂಜುಗಳನ್ನು ಕಿತ್ತು ನನ್ನ ಅಂಗಿಯ ಕಿಸೆಗೆ ಹಾಕಿದ. ಕಿಸೆ ಹರಿಯುವಷ್ಟು ಜೋತು ಬಿತ್ತು.

"ಇಲ್ಲೇ ನಿಂದರು," ಅಂದ. "ಯಾರ್ ಬಂದ್ರೂ ಬೋರ್ಡಿಗಿ ಕೈ ಹಚ್ಚಾಕ ಬಿಡಬ್ಯಾಡ. ಶಾಸಕರು ಬಂದ್ರೂ ಅಷ್ಟ, ದೇವ್ರ ಬಂದ್ರೂ ಅಷ್ಟ."

"ಮೂತ್ರಕ್ಕ ಬಂದ್ರ?"

"ಹಿಡ್ಕೊ."

ಇದು ನಮ್ಮ ಮನೆಯ ಪದ್ಧತಿ. ಎಲ್ಲ ವೈರ್‌ಮನ್‌ಗಳೂ ಫ್ಯೂಜು ಕಿತ್ತು ಕಿಸೆಯಲ್ಲಿಟ್ಟುಕೊಂಡು ಹೋಗುತ್ತಾರೆ. ಬೋರ್ಡಿನ ಮುಂದೆ ಒಬ್ಬ ಮನುಷ್ಯನನ್ನೂ ನಿಲ್ಲಿಸುವವನು ನಮ್ಮ ಕಾಕಾ ಒಬ್ಬನೇ. ಅದಕ್ಕೊಂದು ಕಾರಣವಿದೆ. ಇದರಲ್ಲಿ ನಾನು ಏನನ್ನೂ ಎಳೆದು ಉದ್ದ ಮಾಡುವುದಿಲ್ಲ. ನಾನು ಸಣ್ಣವನಿದ್ದಾಗ ಸಿಂದಗಿಯ ಒಂದು ಹಿಟ್ಟಿನ ಗಿರಣಿಯಲ್ಲಿ ನಮ್ಮ ಅಪ್ಪ ಮೋಟಾರಿಗೆ ವೈರು ಕೂಡಿಸುತ್ತಿದ್ದ. ಫ್ಯೂಜುಗಳು ಕಾಕಾನ ಕಿಸೆಯಲ್ಲಿದ್ದವು. ಕಾಕಾ ಬೋಲ್ಟು ತರಲು ಅಂಗಡಿಗೆ ಹೋಗಿದ್ದ. ಹಿಟ್ಟಿನ ಡಬ್ಬಿ ಹಿಡಿದು ನಿಂತ ಮಂದಿಗೆ ತಡವಾಗುತ್ತಿತ್ತು. ಯಾರೋ ಬಾಜೂ ಬೋರ್ಡಿನ ಫ್ಯೂಜು ಕಿತ್ತು ತಂದು ಹಾಕಿದರು. ಎಲ್ಲ ಕಡೆಯ ಫ್ಯೂಜೂ ಒಂದೇ ಅಳತೆ. ಅಪ್ಪನನ್ನು ದವಾಖಾನೆಗೆ ಒಯ್ಯುವಾಗಲೂ ಆ ಫ್ಯೂಜುಗಳು ಕಾಕಾನ ಕಿಸೆಯಲ್ಲೇ ಇದ್ದವು.

ಹೀಗಾಗಿ ನಾನು ಬೋರ್ಡಿಗೆ ಹಾಕಿದ ಕೀಲಿ. ಮಾತನಾಡುವ ಕೀಲಿ.

ಕಾಕಾ ಕೇಬಲ್ಲಿನ ಒಂದು ತುದಿಯನ್ನು ಬೋರ್ಡಿಗೆ ಕೂಡಿಸಿ, ಇನ್ನೊಂದು ತುದಿಯನ್ನು ಮೇಲೆ ಒಯ್ದು ಟೆಸ್ಟರ್ ಹಚ್ಚಿ ನೋಡಿದ. ಸತ್ತಿತ್ತು. ಕೆಲಸ ಶುರು ಮಾಡಿದ. ಅವನಿಗೆ ಇನ್ನೊಂದು ಚಟ. ನೀರು ಕುಡಿದು ಬಂದರೆ ಮತ್ತೆ ಟೆಸ್ಟರ್, ಉಗುಳಿ ಬಂದರೆ ಮತ್ತೆ ಟೆಸ್ಟರ್. ಸೀನಿದರೂ ಟೆಸ್ಟರ್. ಸತ್ತ ತಂತಿಯನ್ನು ಎಬ್ಬಿಸಿ "ನೀ ಖರೇನ ಸತ್ತೀಯೇನವಾ?" ಎಂದು ಕೇಳಿದಂತೆ. ಈ ವಿಷಯಕ್ಕೆ ನಾನು ಅವನನ್ನು ಎಷ್ಟು ಆಡಿಕೊಂಡಿದ್ದೇನೆ ಎಂದರೆ, ಆ ನಗೆಗೆಲ್ಲ ಕರೆಂಟು ಬಿಲ್ಲು ಬಂದಿದ್ದರೆ ನಾವು ಮನೆ ಮಾರಬೇಕಾಗುತ್ತಿತ್ತು.

ಮೊದಲು ಬಂದವನು ಮಂಟಪ ನೋಡಿಕೊಳ್ಳುವ ಮುದುಕ. ಹೆಗಲ ಮೇಲೆ ವಸ್ತ್ರ, ಬಾಯಲ್ಲಿ ಎಲೆಅಡಿಕೆ. "ಇವತ್ತ ತಂಪ್ ಬರ್ತೈತೇನೋ ತಮ್ಮಾ?" ಅಂದ.

"ಇಲ್ಲಜ್ಜಾ. ವೈರ್ ಕೂಡಿಸಿ, ಕರೆಂಟ್ ಕೊಟ್ಟು ಒಂದ್ ದಿನಾ ಸುಮ್ನ ಬಿಡಬೇಕು. ಕಂಪ್ರೆಸರ್‌ನ್ಯಾಗ ಎಣ್ಣಿ ಇರ್ತೈತಿ. ಅದನ್ನ ಬೆಚ್ಚಗ ಮಾಡಾಕ ಒಳಗ ಒಂದು ಸಣ್ಣ ಹೀಟರ್ ಇಟ್ಟಿರ್ತಾರ. ಎಣ್ಣಿ ಕಾಯ್ದ ಮ್ಯಾಲೆ ಚಾಲೂ. ಅವಸರಾ ಮಾಡಿದ್ರ ಕಂಪ್ರೆಸರ್ ಮಟಾಶ್."

"ತಂಪ್ ಮಾಡೂ ಮಿಷಿನ್ನಿಗೆ ಮೊದಲ ಬಿಸಿ ಮಾಡಬೇಕಾ? ಈ ಬಿಸಲಾಗ?"

"ಹೌದಜ್ಜಾ. ಮ್ಯಾಲ ಇನ್ನೊಂದ್ ತಾಸು ನಿಂತ್ರ ನಮ್ಮ ಕಾಕಾನ ಎಣ್ಣಿನೂ ಕಾಯ್ತೈತಿ. ಭಜಿ ಕರದು ಕೊಡ್ತೇನಿ, ಇರು."

ಮುದುಕ ನಕ್ಕ. ಆದರೆ ಹೋಗಲಿಲ್ಲ. ಬೋರ್ಡಿನತ್ತ ನೋಡುತ್ತ ವಸ್ತ್ರದಿಂದ ಕುತ್ತಿಗೆ ಒರೆಸಿಕೊಳ್ಳುತ್ತ ನಿಂತ. ಏನೋ ಹೇಳಬೇಕೆಂದು ಬಂದವನು ಹೇಳದೆ ಹಿಂದಿನ ಬಾಗಿಲಿನಿಂದ ಹೋದ.

ಸ್ವಲ್ಪ ಹೊತ್ತಿಗೆ ಅದೇ ಬಾಗಿಲಿನಿಂದ ನಾಲ್ಕೈದು ಮಂದಿ ಗಂಡಸರು ಬಂದರು. ಮುಂದಿದ್ದವನಿಗೆ ನಡುವಯಸ್ಸು. ಕಣ್ಣು ಕೆಂಪಗೆ, ಅಂಗಿಯ ಗುಂಡಿ ತಪ್ಪಿ ಹಾಕಿಕೊಂಡಿದ್ದ.

"ಕರೆಂಟ್ ಹಾಕೋ," ಅಂದ.

"ಹಾಕಾಕ ಬರಂಗಿಲ್ಲಣ್ಣಾ. ಮ್ಯಾಲ ಕೆಲಸ ನಡದೈತಿ."

"ಬಾಜೂ ಮನಿ ನಮ್ಮದು. ನಮ್ಮವ್ವ ನಿನ್ನೆ ರಾತ್ರಿ ಹೋಗ್ಯಾಳ. ಐಸ್ ಪೆಟ್ಟಿಗ್ಯಾಗ ಇಟ್ಟೀವಿ. ನಮ್ಮ ಮನೀದು ಲೈನ್ ಸುಟ್ಟೈತಿ, ಇಲ್ಲಿಂದ ಕರೆಂಟ್ ತೊಗೊಂಡೀವಿ. ಈಗ ಪೆಟ್ಟಿಗಿ ಬಂದ್ ಆಗೇತಿ. ತಂಗಿ ಪುಣೆದಿಂದ ಬರಾಕತ್ತಾಳ, ಸಂಜಿಗೆ ಮುಟ್ತಾಳ. ಆಕಿ ಅವ್ವನ ಮಾರಿ ನೋಡಬೇಕು."

ಬಾಜೂ ಮನೆಯಲ್ಲಿ ಒಬ್ಬಳು ಸತ್ತವಳು, ಮೇಲೆ ಒಬ್ಬ ಇನ್ನೂ ಸಾಯದವನು, ಇಬ್ಬರಿಗೂ ಒಂದೇ ಕರೆಂಟು. ಒಬ್ಬಳಿಗೆ ಅದು ಬೇಕು, ಒಬ್ಬನಿಗೆ ಅದು ಬೇಡ.

"ಒಂದ್ ತಾಸು ಕೊಡ್ರಿ," ಅಂದೆ.

"ಒಂದ್ ತಾಸಿನ್ಯಾಗ ಏನಾಗ್ತೈತಿ ಗೊತ್ತೈತೇನು ಈ ಬಿಸಲಾಗ?" ಎಂದು ಅವನ ಹಿಂದಿದ್ದವನೊಬ್ಬ ಕೂಗಿ, ನನ್ನ ಕಿಸೆ ನೋಡಿದ. "ಫ್ಯೂಜ್ ಇವನ ಕಿಸೇದಾಗ ಅದಾವು. ಬ್ಯಾರೆ ಫ್ಯೂಜ್ ಸಿಗೂದಿಲ್ಲೇನು? ನಮ್ಮ ಹೊಲದ ಬೋರಿಂದು ತರ್ತೇನಿ ತಡಿ."

ಅದೇ ಮಾತು. ಸಿಂದಗಿಯಲ್ಲೂ ಯಾರೋ ಇದನ್ನೇ ಅಂದಿರಬೇಕು.

ನಾನು ಬೋರ್ಡಿಗೆ ಬೆನ್ನು ಹಚ್ಚಿ ಶುರು ಮಾಡಿದೆ. ಚಡಚಣದಲ್ಲಿ ಒಬ್ಬ ಹೀಗೇ ಫ್ಯೂಜು ಹಾಕಿದ್ದಕ್ಕೆ ಮೇಲಿದ್ದವನು ಇದ್ದಿಲಾಗಿ ಅವನನ್ನು ಮೊರದಲ್ಲಿ ತುಂಬಿಕೊಂಡು ಬಂದರು ಎಂದೆ. ನಾಲತವಾಡದಲ್ಲಿ ಫ್ಯೂಜು ಹಾಕಿದವನ ಕೈಯೇ ಬೋರ್ಡಿಗೆ ಅಂಟಿ, ಅವನನ್ನು ಬೋರ್ಡಿನ ಸಮೇತ ಮಣ್ಣು ಮಾಡಿದರು ಎಂದೆ. ತಂಗಡಗಿಯಲ್ಲಿ ಕರೆಂಟು ಒಬ್ಬನಿಂದ ಇನ್ನೊಬ್ಬನಿಗೆ ಹಾಯುತ್ತ ಹೋಗಿ, ಕೊನೆಯವನು ಹೊಳೆಯಲ್ಲಿ ಈಜುತ್ತಿದ್ದನಂತೆ, ಮೀನುಗಳೆಲ್ಲ ಬೆಂದು ತೇಲಿದವಂತೆ. ಹೇಳುತ್ತ ಹೇಳುತ್ತ ನಾನೇ ನಂಬಿದೆ. ಒಬ್ಬ ಬಾಯಿ ತೆರೆದುಕೊಂಡು ಕೇಳುತ್ತಿದ್ದ. ಬೋರಿನ ಫ್ಯೂಜು ತರುತ್ತೇನೆ ಎಂದವನು ಎರಡು ಹೆಜ್ಜೆ ಹಿಂದೆ ಸರಿದ.

ಗುಂಡಿ ತಪ್ಪಿದವನು ಮಾತ್ರ ಹಾಗೇ ನಿಂತಿದ್ದ. "ಮ್ಯಾಲಿರಾಂವ ನಿನಗೇನ್ ಆಗಬೇಕು?" ಅಂದ.

"ಕಾಕಾ."

"ಅಪ್ಪ?"

"ಇಲ್ಲ," ಅಂದೆ. ಅದಕ್ಕೆ ಏನನ್ನೂ ಸೇರಿಸಲಿಲ್ಲ.

ಅವನು ತನ್ನವರ ಕಡೆ ತಿರುಗಿ, "ನಡೀರಿ," ಎಂದು ಎಲ್ಲರನ್ನೂ ಕರೆದುಕೊಂಡು ಹೋದ.

ಗೆದ್ದೆ ಅನಿಸಿತು. ಐದು ಮಂದಿಯನ್ನು ಬರೀ ಬಾಯಿಯಿಂದ ಓಡಿಸಿದ್ದೆ. ರಾತ್ರಿ ಕಾಕಾನಿಗೆ ಹೇಳುವಾಗ ಅವರನ್ನು ಐವತ್ತು ಮಂದಿ ಮಾಡುವುದೋ ನೂರು ಮಾಡುವುದೋ ಎಂದು ಯೋಚಿಸುತ್ತ ನಿಂತೆ. ಗೋಡೆಯಾಚೆ ಜನರೇಟರಿನ ಹಗ್ಗ ಜಗ್ಗುವ ಸದ್ದು. ಅದು ಕೆಮ್ಮಿತು, ಮತ್ತೆ ಕೆಮ್ಮಿತು, ಹತ್ತಿಕೊಂಡಿತು. ನಮ್ಮ ಕಡೆ ಮದುವೆಗೆ ಬಾಡಿಗೆ ಕೊಡುವ ಜನರೇಟರುಗಳ ಸದ್ದಿಗೆ ಮದುಮಗನ ಹೆಸರೂ ಕೇಳಿಸುವುದಿಲ್ಲ, ಅಂಥದು. ಪಾಪ, ಈಗ ಅಜ್ಜಿಗೆ ತಂಪಾಯಿತು, ಈ ಬುದ್ಧಿ ಮೊದಲೇ ಬರಬಾರದಿತ್ತೇ ಎಂದುಕೊಂಡೆ.

ಆಗ ಗಾಳಿ ಬಂತು.

ಬೆವರಿದ ಕುತ್ತಿಗೆಗೆ ತಣ್ಣಗೆ ತಾಗಿತು. ಕಣ್ಣು ಮುಚ್ಚಿದೆ. ಆಹಾ ಎಂದು ಬಾಯಿಬಿಟ್ಟು ಅಂದೆ, ಖರೆ. ಅಂಗಿಯ ಮೇಲಿನ ಗುಂಡಿಯನ್ನೂ ಬಿಚ್ಚಿದೆ. ಆಮೇಲೆ ಕಣ್ಣು ತೆರೆದು ಮೇಲೆ ನೋಡಿದೆ. ಹಾಲಿನ ನಡುವಿನ ಫ್ಯಾನು ತಿರುಗುತ್ತಿತ್ತು.

ಕೈ ಕಿಸೆಗೆ ಹೋಯಿತು. ಒಂದು, ಎರಡು, ಮೂರು. ಬೋರ್ಡಿನ ಬಾಯಿ ಖಾಲಿ. ಫ್ಯಾನು ತಿರುಗುತ್ತಲೇ ಇತ್ತು.

"ಕಾಕಾ!" ಎಂದು ಕೂಗಿದೆ. ಜನರೇಟರು ಅದನ್ನು ನುಂಗಿತು. ಓಡಿದೆ. ಆ ಮೆಟ್ಟಿಲುಗಳನ್ನು ಹೇಗೆ ಹತ್ತಿದೆ ಎಂದು ಕೇಳಿದರೆ ನನ್ನಲ್ಲಿ ಕಥೆ ಇಲ್ಲ. ಅಪ್ಪನನ್ನು ಮಲಗಿಸಿದ್ದ ಚಾಪೆಯ ಅಂಚು ಕೆಂಪಗಿತ್ತು ಎಂಬುದು ಅಷ್ಟು ವರ್ಷಗಳ ಮೇಲೆ ಆ ಮೆಟ್ಟಿಲ ಮೇಲೆ ನೆನಪಾಯಿತು.

ಕಾಕಾ ಯಂತ್ರದ ಮುಂದೆ ಕುಕ್ಕರಗಾಲಲ್ಲಿ ಕುಳಿತಿದ್ದ. ಪಕ್ಕದಲ್ಲಿ ನೀರಿನ ಬಾಟಲಿ, ಮುಚ್ಚಳ ಬಿಚ್ಚಿದ್ದು. ಕುಡಿಯಲು ಎದ್ದು ಹೋಗಿದ್ದಾನೆ, ಬಂದಿದ್ದಾನೆ, ಕೈ ಹಾಕುವ ಮೊದಲು ಟೆಸ್ಟರ್ ಹಚ್ಚಿದ್ದಾನೆ. ಟೆಸ್ಟರು ಇನ್ನೂ ತಂತಿಗೆ ತಾಗಿಕೊಂಡೇ ಇತ್ತು, ಅದರ ಹೊಟ್ಟೆಯಲ್ಲಿ ಸಣ್ಣ ಕೆಂಪು ದೀಪ. ಆ ಬಿಸಿಲಲ್ಲೂ ಕಾಣುವಂತೆ ಅಂಗೈ ಮರೆಮಾಡಿಕೊಂಡು ಕಾಕಾ ಅದನ್ನೇ ನೋಡುತ್ತಿದ್ದ. ಟೆಸ್ಟರನ್ನು ಮೆಲ್ಲಗೆ ಹಿಂದೆ ತೆಗೆದು ನನ್ನ ಕಡೆ ತಿರುಗಿದ.

"ಫ್ಯೂಜ್ ಯಾರಿಗಿ ಕೊಟ್ಟಿ?"

ಮೂರನ್ನೂ ಕಿಸೆಯಿಂದ ತೆಗೆದು ಅಂಗೈಯಲ್ಲಿಟ್ಟು ತೋರಿಸಿದೆ. ಕಾಕಾ ಅವುಗಳನ್ನು ನೋಡಿದ, ತಂತಿ ನೋಡಿದ, ಮತ್ತೆ ಅವುಗಳನ್ನು ನೋಡಿದ. ಅವನ ಮುಖ ಸಿಂದಗಿಯಲ್ಲಿತ್ತು.

ಜನರೇಟರ್ ಎಂದು ಗೋಡೆಯತ್ತ ಕೈ ಮಾಡಿದೆ. ಅವನಿಗೆ ತಿಳಿಯಿತು. ಇಬ್ಬರೂ ಕೆಳಗಿಳಿದು ಹಿಂದಿನ ಅಡುಗೆಮನೆಗೆ ಹೋದೆವು. ಅಲ್ಲಿಯ ಪ್ಲಗ್ಗಿಗೆ ಸಿಕ್ಕಿಸಿದ ಹಳದಿ ವೈರು ಕಿಟಕಿಯಿಂದ ಹೊರಬಿದ್ದು, ಗೋಡೆ ಹತ್ತಿ ಬಾಜೂ ಮನೆಗೆ ಇಳಿದಿತ್ತು. ಕಾಕಾ ಪ್ಲಗ್ಗನ್ನು ಕಿತ್ತ. ಹಾಲಿನ ಫ್ಯಾನು ನಿಧಾನವಾಗಿ ನಿಂತಿತು. ಆ ಮನೆಯವರು ಜನರೇಟರಿನ ತಂತಿಯನ್ನು ಅದೇ ವೈರಿನ ಆ ತುದಿಗೆ ಸುತ್ತಿದ್ದರು. ಕರೆಂಟು ಪೆಟ್ಟಿಗೆಗೂ ಹೋಗಿದೆ, ಗೋಡೆ ಹಾರಿ ಹಿಂದಕ್ಕೂ ಬಂದಿದೆ, ಮಂಟಪವನ್ನೆಲ್ಲ ಸುತ್ತಿ ಮಾಳಿಗೆ ಹತ್ತಿದೆ.

ಮುದುಕ ಬಾಗಿಲಲ್ಲಿ ನಿಂತಿದ್ದ. "ಹೆಣದ ಮನಿ ಅಂತ ನಾನ ಕೊಟ್ಟೆ," ಅಂದ. "ಹೇಳಬೇಕಂತ ಬಂದಿದ್ದೆ. ನೀವು ಕಿತ್ತು ಹಾಕ್ತೀರಿ ಅಂತ ಅಂಜಿ ಸುಮ್ನಾದೆ."

ಗುಂಡಿ ತಪ್ಪಿದವನು ಗೋಡೆಯ ಮೇಲಿನಿಂದ ಇಣುಕಿದ. ಕಾಕಾ ಹೊರಗೆ ಹೋಗಿ, ಪಿನ್ನಿಗೆ ಕೈ ತಾಗದಂತೆ ಹಿಡಿದ ಪ್ಲಗ್ಗನ್ನು ಅವನಿಗೆ ತೋರಿಸಿದ. "ಮೊದಲ ಜನರೇಟರ್ ಬಂದ್ ಮಾಡಿ ಇದನ್ನ ಆ ಕಡೆ ಎಳಕೊಳ್ರಿ. ಜನರೇಟರ್ ಸೀದಾ ಪೆಟ್ಟಿಗಿಗಿ ಅಷ್ಟ ಹಚ್ಚರಿ. ಇದು ಈ ಕಡೆ ಇದ್ದಿದ್ದಕ್ಕ ನಾ ಈಗ ಹೋಗ್ತಿದ್ದೆ."

ಅವನಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಆದಾಗ ಗೋಡೆಗೆ ಹಣೆ ಹಚ್ಚಿದ. "ಯಪ್ಪಾ," ಅಂದ. "ನಮ್ಮವ್ವನ ಹೆಸರಿಗಿ ಇನ್ನೊಂದು ಹೆಣಾ ಬೀಳತಿತ್ತು."

ಕಾಕಾ ಮತ್ತೆ ಮೇಲೆ ಬಂದ. ಎಲ್ಲ ತುದಿಗಳಿಗೂ ಟೆಸ್ಟರ್ ಹಚ್ಚಿದ. ಸತ್ತಿದ್ದವು. ಸ್ಕ್ರೂಡ್ರೈವರ್ ಹಿಡಿದ. ಅದರ ತುದಿ ಬೋಲ್ಟಿನ ಗೀರಿಗೆ ಕೂರಲಿಲ್ಲ. ಆ ಕಡೆ ಜಾರಿತು, ಈ ಕಡೆ ಜಾರಿತು. ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದುಕೊಂಡ. ಆದರೂ ಜಾರಿತು. ಕುರುಡನ ಸೂಜಿಗೆ ದಾರ ಎಂದು ನಕ್ಕುಬಿಡಬಹುದಾಗಿದ್ದ ಹೊತ್ತು. ನಾನು ಬೇರೆ ಕಡೆ ನೋಡಿದೆ.

"ನೀ ಕೂಡಸು," ಅಂದ. "ನಾ ಕೆಳಗ ನಿಂದರತೇನಿ. ಕೊಡು ಅವನ್ನ."

ಫ್ಯೂಜುಗಳನ್ನು ಅವನ ಕೈಗೆ ಕೊಟ್ಟೆ. ಸಿಂದಗಿಯಿಂದ ಈಚೆಗೆ ಅವನು ಫ್ಯೂಜುಗಳನ್ನು ತನ್ನ ಕಿಸೆಯಲ್ಲಿ ಇಟ್ಟುಕೊಂಡಿರಲಿಲ್ಲ. ಅವತ್ತು ಇಟ್ಟುಕೊಂಡ. ಕಿಸೆಯ ಮೇಲೆ ಅಂಗೈ ಒತ್ತಿಕೊಂಡು ಮೆಟ್ಟಿಲು ಇಳಿದ.

ಮಾಳಿಗೆಯ ಮೇಲೆ ನಾನೊಬ್ಬನೇ ಉಳಿದೆ. ಕಣ್ಣು ಕಟ್ಟಿದರೂ ಮೂರು ಫೇಸು ಕೂಡಿಸುತ್ತೇನೆ ಎಂದು ಕಾಲೇಜಿನಲ್ಲಿ ಪಣ ಕಟ್ಟಿದವನು. ಟೆಸ್ಟರ್ ಹಚ್ಚಿದೆ, ದೀಪ ಇಲ್ಲ. ಟೆಸ್ಟರೇ ಸತ್ತಿದ್ದರೆ? ಆ ಭಯ ಮೊದಲ ಸಲ ಬಂತು. ಮತ್ತೆ ಹಚ್ಚಿದೆ. ಮೊದಲು ಹಸಿರು ಅರ್ಥಿಂಗ್ ತಂತಿಯನ್ನು ಯಂತ್ರದ ಮೈಗೆ ಬಿಗಿದೆ. ಆಮೇಲೆ ಕೆಂಪು, ಹಳದಿ, ನೀಲಿ, ಮೂರು ಫೇಸು ಸಾಲಾಗಿ. ಕೆಂಪು ಹಿಡಿಯಬೇಕಿತ್ತು. ಕೈ ಅರ್ಧಕ್ಕೆ ನಿಂತಿತು.

ಜನರೇಟರು ಗೋಡೆಯಾಚೆ ಓಡುತ್ತಿತ್ತು. ಹೆಂಗಸರ ಅಳು ಒಮ್ಮೆಗೇ ಏರಿತು. ಮಗಳು ಬೇಗನೇ ಬಂದಳೇನೋ.

ಅಂಚಿಗೆ ಹೋಗಿ ಬಗ್ಗಿ ಕೂಗಿದೆ. "ಕಾಕಾ! ಅದೀಯೇನು?"

"ಅದೇನಿ!"

"ಫ್ಯೂಜು?"

"ಅದಾವೋ!"

ಕೆಂಪು ಬಿಗಿದೆ. ಮತ್ತೆ ಟೆಸ್ಟರ್ ಹಚ್ಚಿದೆ. ಮತ್ತೆ ಅಂಚಿಗೆ ಹೋದೆ.

"ಕಾಕಾ!"

"ಇಲ್ಲೇ ಅದೇನಿ ಮಗನ," ಎಂದ ಕೆಳಗಿನಿಂದ. "ಹಳದಿ ಹಿಡಿ. ನಾ ಎಲ್ಲೂ ಹೋಗಂಗಿಲ್ಲ."