ಮೂರು ಊರಿಗೆ ಒಂದೇ ಪಂಪು

ಸೆಪ್ಟೆಂಬರ್‌ನ ಒಂದು ಗುರುವಾರ ಬೆಳಿಗ್ಗೆ ಎಂಟಕ್ಕೆ ರಾಜಾಜಿನಗರದ ಮೆಟ್ರೊ ನಿಲ್ದಾಣದಿಂದ ಹೊರಟೆ. ಕೈಯಲ್ಲಿ ಕೊಡೆ, ನೀರಿನ ಬಾಟಲಿ, ಬರೆದುಕೊಳ್ಳಲು ಒಂದು ಪುಸ್ತಕ. ಮೆಜೆಸ್ಟಿಕ್‌ನಲ್ಲಿ ರೈಲು ಬದಲಿಸಿ ಕೆಂಗೇರಿ, ಅಲ್ಲಿಂದ ಬಸ್ಸಿನಲ್ಲಿ ಇನ್ನೊಂದು ಎಂಟು ಕಿಲೋಮೀಟರ್. ಇಷ್ಟು ಹತ್ತಿರದ ಓಡಾಟವನ್ನು ಪ್ರವಾಸ ಎನ್ನಲು ಸಂಕೋಚವೇ. ಆದರೆ ಅದೇ ವರ್ಷ ಹೋಗಿಬಂದ ದೂರದ ಊರುಗಳಲ್ಲಿ ನೋಡಿದ್ದು ಇದರ ಅರ್ಧದಷ್ಟೂ ನೆನಪಿಲ್ಲ.

ಹೊರಡಲು ಕಾರಣ ಹಳೆಯ ಸಹಪಾಠಿಯೊಬ್ಬನ ಮಾತು. ನೆರೆ, ಬೆಂಕಿ, ಸ್ಫೋಟ ಇಂಥವು ಎದುರಾದರೆ ಊರನ್ನು ಕಾಪಾಡಿಕೊಳ್ಳಲೆಂದು ಸರ್ಕಾರ ಕೊಟ್ಟ ರಕ್ಷಣಾ ಅನುದಾನವನ್ನು ಕೆಂಗೇರಿಯ ಆಚೆ ಒಂದು ಪುರಸಭೆಯೂ ಎರಡು ಗ್ರಾಮ ಪಂಚಾಯಿತಿಗಳೂ ಹಂಚಿಕೊಂಡು ಬಳಸುತ್ತಿವೆ ಎಂದು ಅವನು ಹೇಳಿದ್ದ. ನಾನು ನಂಬಲಿಲ್ಲ. ಆಡಳಿತಶಾಸ್ತ್ರ ಓದಿ ಅದನ್ನೇ ಪಾಠ ಮಾಡಿದವನು ನಾನು. ಅಕ್ಕಪಕ್ಕದ ಎರಡು ಕಚೇರಿಗಳು ಒಂದು ಏಣಿಯನ್ನು ಹಂಚಿಕೊಂಡದ್ದನ್ನೂ ಕಂಡಿರಲಿಲ್ಲ. ಹೋಗಿ ನೋಡಿ, ಇಲ್ಲವೆಂದು ಖಚಿತಪಡಿಸಿಕೊಂಡು, ಸಂಜೆಯೊಳಗೆ ಮನೆ ಸೇರುವುದು ನನ್ನ ಯೋಜನೆ. ಆ ಊರುಗಳ ಹೆಸರನ್ನು ಇಲ್ಲಿ ಬದಲಿಸಿದ್ದೇನೆ. ಪುರಸಭೆಯನ್ನು ಮೂಡಲಕೆರೆ ಎನ್ನುತ್ತೇನೆ, ಪಂಚಾಯಿತಿಗಳನ್ನು ಹುಣಸೆಕಟ್ಟೆ, ಕಲ್ಲುಬಾವಿ ಎಂದು ಕರೆಯುತ್ತೇನೆ.

ಮೆಟ್ರೊ ದರ ಎಪ್ಪತ್ತೋ ಎಂಬತ್ತೋ, ಕಾರ್ಡಿನಿಂದ ಕಡಿತವಾದದ್ದರಿಂದ ನೆನಪಿಲ್ಲ. ವಿಜಯನಗರ ದಾಟುವಾಗ ತಾರಸಿಗಳ ಮೇಲೆ ಒಣಹಾಕಿದ್ದ ಬಟ್ಟೆಗಳನ್ನು ಹೆಂಗಸರು ಅವಸರದಲ್ಲಿ ತೆಗೆಯುತ್ತಿದ್ದರು. ಮೋಡ ಅಷ್ಟು ಕಪ್ಪಾಗಿತ್ತು. ನಾಯಂಡಹಳ್ಳಿಯಲ್ಲಿ ಬಾಗಿಲು ತೆರೆದಾಗ ವೃಷಭಾವತಿಯ ವಾಸನೆ ಒಳಗೆ ಬಂತು. ಜ್ಞಾನಭಾರತಿ ನಿಲ್ದಾಣ ಬಂದಾಗ ಓದುತ್ತಿದ್ದ ದಿನಗಳು ನೆನಪಾದವು. ಆಗ ನಾನು ಅಗ್ಗದ ಬಾಡಿಗೆಗಾಗಿ ಹುಣಸೆಕಟ್ಟೆಯಲ್ಲೇ ಒಂದು ರೂಮು ಹಿಡಿದಿದ್ದೆ. ಒಂದು ಮಳೆಗಾಲ ಅಲ್ಲಿನ ಕಟ್ಟೆ, ಅಂದರೆ ಊರಿನ ಪುಟ್ಟ ಕೆರೆ, ಒಡೆದು ತಗ್ಗಿನ ಬೀದಿಗೆ ನೀರು ನುಗ್ಗಿತು. ನನ್ನ ಪುಸ್ತಕಗಳೆಲ್ಲ ತೇಲಿದವು. ನಡುಮಟ್ಟದ ನೀರಿನಲ್ಲಿ ನಾವು ಕೂಗುತ್ತಿದ್ದೆವು. ರಸ್ತೆಯ ಆಚೆ ಬದಿ ಮೂಡಲಕೆರೆಯ ಗಡಿ. ಅಲ್ಲಿ ಪುರಸಭೆಯ ಪಂಪು ನಿಂತಿತ್ತು, ಅದರ ಪಕ್ಕದಲ್ಲೊಬ್ಬ ಕೈಕಟ್ಟಿ ನಿಂತಿದ್ದ. ಅದು ಗಡಿ ದಾಟಲಿಲ್ಲ. ಈ ಕಥೆಯನ್ನು ನಾನು ತರಗತಿಯಲ್ಲಿ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ.

ಕೆಂಗೇರಿಯಲ್ಲಿ ಇಳಿದು ತಟ್ಟೆ ಇಡ್ಲಿ ತಿಂದು ಬಸ್ಸು ಹತ್ತಿದೆ. ಹತ್ತೂವರೆಗೆ ಹುಣಸೆಕಟ್ಟೆ ಪಂಚಾಯಿತಿ ಕಚೇರಿಯ ಮುಂದಿದ್ದೆ. ಅಧ್ಯಕ್ಷೆ ಜಯಲಕ್ಷ್ಮಮ್ಮನವರಿಗೆ ಐವತ್ತೈದರ ಸುಮಾರು. ಅವರು ನನ್ನನ್ನು ಕೂರಿಸಿ, ಬಂದ ವಿಷಯ ಕೇಳಿ, ನಕ್ಕರು.

"ಜಗಳ ಇಲ್ದೆ ಹಂಚ್ಕೊಂಡ್ರು ಅಂತ ಯಾರ್ ಹೇಳಿದ್ದು ಸಾರ್? ನಾಲ್ಕು ಮೀಟಿಂಗ್ ಜಗಳ ಆಡಿದೀವಿ. ಮೂರನೇದ್ರಲ್ಲಿ ಕಲ್ಲುಬಾವಿಯೋರು ಟೀನೂ ಕುಡೀದೆ ಎದ್ದೋದ್ರು."

ಅನುದಾನ ಮೂರೂ ಕಡೆಗೆ ಬೇರೆ ಬೇರೆ ಹಂಚಿದ್ದರೆ ಟಾರ್ಚು, ರೈನ್‌ಕೋಟು ಬಿಟ್ಟು ಬೇರೇನೂ ಬರುತ್ತಿರಲಿಲ್ಲವಂತೆ. ಸೇರಿಸಿದರೆ ಕರೆಂಟಿನಲ್ಲಿ ನಡೆಯುವ ದೊಡ್ಡ ಪಂಪು, ಅದಕ್ಕೆ ಜನರೇಟರು, ಉದ್ದದ ಪೈಪು ಎಲ್ಲ ಬರುತ್ತಿತ್ತು. ಸೇರಿಸಲು ಒಪ್ಪಿದರು. ಆದರೆ ಎಲ್ಲಿ ಇಡುವುದು? ತಮ್ಮಲ್ಲೇ ಇರಬೇಕೆಂದು ಮೂವರೂ ಹಟ ಹಿಡಿದರು. ಕೊನೆಗೆ ಆದ ತೀರ್ಮಾನ ಕೇಳಿ ನಾನು ಪೆನ್ನು ಕೆಳಗಿಟ್ಟೆ. ಪಂಪು ಹುಣಸೆಕಟ್ಟೆಯಲ್ಲಿ, ಜನರೇಟರು ಮೂಡಲಕೆರೆಯಲ್ಲಿ, ಪೈಪು ರೈಲುಹಳಿಯ ಆಚೆಯ ಕಲ್ಲುಬಾವಿಯಲ್ಲಿ. ಮೂರೂ ಒಂದೆಡೆ ಸೇರದೆ ಒಂದು ಚೊಂಬು ನೀರನ್ನೂ ಎತ್ತಲಾಗದು.

"ಇದು ಹಂಚಿಕೆಯಲ್ಲ ತಾಯಿ, ಅಪನಂಬಿಕೆ" ಎಂದೆ.

"ಅಪನಂಬಿಕೆನೇ ಸಾರ್. ಅದನ್ನೇ ಮೂರು ಪಾಲು ಮಾಡಿದೀವಿ" ಎಂದರು ಜಯಲಕ್ಷ್ಮಮ್ಮ.

ಅಂದು ಅವರಿಗೆ ಪರೀಕ್ಷೆಯ ದಿನವೆಂದು ನನಗೆ ತಿಳಿದಿರಲಿಲ್ಲ. ಜಿಲ್ಲಾ ಕಚೇರಿಯ ಅಧಿಕಾರಿಯೊಬ್ಬರು ಮಧ್ಯಾಹ್ನ ಬರುವವರಿದ್ದರು. ಅವರು ಯಾವುದೋ ಗಳಿಗೆಯಲ್ಲಿ ಫೋನು ಮಾಡಿಸುತ್ತಾರೆ. ಅಲ್ಲಿಂದ ನಲವತ್ತೈದು ನಿಮಿಷದೊಳಗೆ ಹುಣಸೆಕಟ್ಟೆಯ ಕಟ್ಟೆಯಿಂದ ಪಂಪು ನೀರೆತ್ತಬೇಕು. ಎತ್ತದಿದ್ದರೆ ಎಲ್ಲ ಸಲಕರಣೆಯನ್ನೂ ತಾಲ್ಲೂಕಿನ ಗೋಡೌನಿಗೆ ಸಾಗಿಸಲಾಗುತ್ತದೆ. ಆ ಗೋಡೌನು ಹಳಿಯ ಆಚೆ, ಹದಿನೆಂಟು ಕಿಲೋಮೀಟರ್ ದೂರ.

ಇದು ಯಾರಿಗೆ ಹೆಚ್ಚು ಚುಚ್ಚುವ ವಿಷಯ ಎಂಬುದು ಪಂಪಿನ ಕೊಠಡಿಗೆ ಹೋದಾಗ ಗೊತ್ತಾಯಿತು. ಪಂಚಾಯಿತಿಯ ವಾಟರ್‌ಮನ್ ಮುನಿರಾಜು ಪಂಪಿನ ಗಾಲಿಗೆ ಗ್ರೀಸು ಹಚ್ಚುತ್ತಿದ್ದರು. ಅವರ ಮನೆ ತಗ್ಗಿನ ಬೀದಿಯಲ್ಲಿ, ಅಂಗನವಾಡಿಯ ಪಕ್ಕ. ಹಾಸಿಗೆ ಹಿಡಿದಿರುವ ತಾಯಿ ಆ ಮನೆಯಲ್ಲಿದ್ದಾರೆ. "ಗೋಡೌನಿಂದ ಗಾಡಿ ಬರೋ ಹೊತ್ಗೆ ನಮ್ಮವ್ವನ್ ಮಂಚ ತೇಲ್ತಿರುತ್ತೆ ಸಾರ್" ಎಂದರು, ಗಾಲಿಯಿಂದ ಕಣ್ಣೆತ್ತದೆ.

ನಾನು ಹಿಂದೆ ಅದೇ ಬೀದಿಯಲ್ಲಿದ್ದೆನೆಂದು ಹೇಳಿ, ಗಡಿ ದಾಟದ ಪಂಪಿನ ಕಥೆ ತೆಗೆದೆ. ಮುನಿರಾಜು ಕೈ ಒರೆಸಿಕೊಂಡು ನನ್ನ ಮುಖವನ್ನೇ ನೋಡಿದರು.

"ಯಾವ್ ಪಂಪು ದಾಟ್ಲಿಲ್ಲ? ದಾಟ್ತು ಸಾರ್. ಆಗ ನಾನು ಪುರಸಭೇಲಿ ದಿನಗೂಲಿ. ನಾನೇ ತಳ್ಕೊಂಡ್ ಬಂದೆ."

"ಇಲ್ಲಪ್ಪ, ಅದು ಆಚೆ ಬದೀಲೇ ನಿಂತಿತ್ತು. ಪಕ್ಕದಲ್ಲೊಬ್ಬ ಕೈಕಟ್ಟಿ ನಿಂತಿದ್ದ."

"ಆ ಕೈಕಟ್ಟಿ ನಿಂತಿದ್ದೋನೂ ನಾನೇ. ಪುರಸಭೆ ಪಂಪಿನ ಬಾಯಿ ನಾಲ್ಕಿಂಚು, ನಿಮ್ಮ ಪಂಚಾಯಿತಿ ಪೈಪು ಮೂರಿಂಚು. ಸೈಕಲ್ ಟ್ಯೂಬ್ ಸುತ್ತಿ ಕಟ್ಟಿದೆ, ಕಿತ್ಕೊಂಡ್ ಹೋಯ್ತು. ಇನ್ನೊಂದ್ಸಲ ಕಟ್ಟಿದೆ, ಮತ್ತೆ ಕಿತ್ತೋಯ್ತು. ವಾಪಸ್ ತಳ್ಕೊಂಡೋಗಿ ನಿಂತ್ಕೊಂಡೆ. ಕೈ ಕಟ್ಕೊಳ್ದೆ ಇನ್ನೇನ್ ಮಾಡ್ಲಿ?"

ಅವರು ಪಂಪು ತಳ್ಳುತ್ತ ಬಂದದ್ದನ್ನು ನಾನು ನೋಡಲೇ ಇಲ್ಲವೇ? ನೋಡಿಯೂ, ಹೇಳುತ್ತ ಹೇಳುತ್ತ, ಕಥೆಗೆ ಅನುಕೂಲವಲ್ಲದ ಅರ್ಧವನ್ನು ಬಿಟ್ಟೆನೇ? ಈಗಲೂ ಖಾತ್ರಿಯಿಲ್ಲ. ಕೈಕಟ್ಟಿದ ಮನುಷ್ಯ ಮಾತ್ರ ಸ್ಪಷ್ಟವಾಗಿ ಕಾಣುತ್ತಾನೆ, ಸೈಕಲ್ ಟ್ಯೂಬು ಕಾಣುವುದಿಲ್ಲ. ಅನುದಾನ ಬಂದಾಗ ಪಂಪಿಗಿಂತ ಮೊದಲು ಮೂರೂ ಕಡೆಯ ಪೈಪು, ಟ್ಯಾಂಕರುಗಳಿಗೆಲ್ಲ ಒಂದಕ್ಕೊಂದು ಕೂಡಿಸುವ ಒಂದೇ ಅಳತೆಯ ಕಪ್ಲಿಂಗ್ ಹಾಕಿಸಿದರಂತೆ. ಹಾಗೆ ಮಾಡದೆ ಬೇರೇನೂ ಕೊಳ್ಳಕೂಡದೆಂದು ಮುನಿರಾಜು ಮೀಟಿಂಗಿನ ಬಾಗಿಲಲ್ಲಿ ಕೂತಿದ್ದರೆಂದು ಜಯಲಕ್ಷ್ಮಮ್ಮ ಆಮೇಲೆ ಹೇಳಿದರು.

ಪರೀಕ್ಷೆಯಲ್ಲಿ ಸೋಲುವುದಾದರೆ ಅತಿ ದೂರದ ಪೈಪಿನಿಂದಲೇ ಸೋಲುತ್ತಾರೆ ಎಂದು ಲೆಕ್ಕಹಾಕಿ ಹನ್ನೆರಡರ ಬಸ್ಸಿಗೆ ಕಲ್ಲುಬಾವಿಗೆ ಹೋದೆ. ಆರು ಕಿಲೋಮೀಟರ್, ರೈಲ್ವೆ ಅಂಡರ್‌ಪಾಸಿನ ಮೂಲಕ. ಅಲ್ಲಿ ಪೈಪಿನ ಜವಾಬ್ದಾರಿ ಶೋಭಾ ಅವರದು. ಬೆಳಗಿನ ಹೊತ್ತು ಮನೆಮನೆಯ ಕಸ ಒಯ್ಯುವ ಪಂಚಾಯಿತಿ ಗಾಡಿಯ ಚಾಲಕಿ ಅವರು. ಕಸ ಸುರಿದು, ಗಾಡಿ ತೊಳೆದು, ಆರು ಪೈಪಿನ ಸುರುಳಿ ಹೇರಿಕೊಂಡು, ಫೋನನ್ನು ಎದುರಿಗಿಟ್ಟುಕೊಂಡು ಊಟಕ್ಕೆ ಕೂತಿದ್ದರು. ನನಗೂ ಮುದ್ದೆ, ಹುರುಳಿ ಸಾರು ಬಡಿಸಿದರು.

"ಗಾಡಿ ವಾಸನೆ ಬರುತ್ತೆ, ನಿಮಗಾಗುತ್ತಾ ಸಾರ್?" ಎಂದು ಕೇಳಿದರು.

"ನಾಯಂಡಹಳ್ಳಿ ಮೇಲೆ ಬಂದಿದೀನಿ" ಎಂದೆ.

"ಹಂಗಾದ್ರೆ ನಮ್ ಗಾಡಿ ಗಂಧದ್ ಕೊರಡು."

ಮಳೆ ಶುರುವಾಯಿತು. ಒಂದು ಗಂಟೆ ಜಡಿದು ನಿಂತಿತು. ಎರಡೂ ಇಪ್ಪತ್ತಕ್ಕೆ ಫೋನು ಬಂತು. ಶೋಭಾ ಚಪ್ಪಲಿ ಮೆಟ್ಟುವ ಮೊದಲೇ ಗಾಡಿ ಸ್ಟಾರ್ಟ್ ಆಗಿತ್ತು. ಹತ್ತು ನಿಮಿಷದಲ್ಲಿ ಅಂಡರ್‌ಪಾಸು ತಲುಪಿದೆವು, ಅಲ್ಲೇ ನಿಂತೆವು. ಒಳಗೆ ತೊಡೆಮಟ್ಟದ ನೀರು. ನಡುವೆ ಒಂದು ಹಾಲಿನ ವ್ಯಾನು ಕೆಟ್ಟು ನಿಂತಿತ್ತು. ಎರಡೂ ಬದಿಯಲ್ಲಿ ಬೈಕುಗಳ ಸಾಲು. ಮೈಸೂರು ರಸ್ತೆಗೆ ಬಳಸಿ ಹೋದರೆ ಒಂದು ಗಂಟೆಗೆ ಕಡಿಮೆಯಿಲ್ಲ. ಮುಗಿಯಿತು ಎಂದುಕೊಂಡೆ. ಬೆಳಗಿನಿಂದ ನಾನು ಕಾಯುತ್ತಿದ್ದದ್ದು ಇದನ್ನೇ. ಆದರೂ ಸಂತೋಷವಾಗಲಿಲ್ಲ.

ಶೋಭಾ ಮುನಿರಾಜುಗೆ ಫೋನು ಮಾಡಿದರು. "ಅಣ್ಣ, ಅಂಡರ್‌ಪಾಸ್ ತುಂಬೋಗಿದೆ. ಸ್ಟೇಷನ್ ಬ್ರಿಡ್ಜ್ ಮೇಲೆ ಹೊತ್ಕೊಂಡ್ ಬರ್ತೀವಿ. ನಿಮ್ಮೋರ್ನ ಆಚೆ ಕಡೆಗ್ ಕಳ್ಸಿ, ಬೇಗ." ಗಾಡಿ ತಿರುಗಿಸಿ, ಅರ್ಧ ಕಿಲೋಮೀಟರ್ ಆಚೆಯ ಪುಟ್ಟ ರೈಲು ನಿಲ್ದಾಣದ ಕಾಲುಸೇತುವೆಯ ಬುಡದಲ್ಲಿ ನಿಲ್ಲಿಸಿದರು. ಅಲ್ಲಿ ರೈಲಿಗೆ ಕಾಯುತ್ತಿದ್ದವರಿಗೆ ಕೂಗಿದರು: "ಅಣ್ಣಂದಿರಾ, ಒಂದ್ ಕೈ ಹಾಕಿ! ರೈಲೇನ್ ಈಗ್ಲೇ ಬರಲ್ಲ!" ನಾಲ್ವರು ಬಂದರು. ಒಂದು ಸುರುಳಿ ಶೋಭಾ ಹೆಗಲಿಗೆ, ಇನ್ನೊಂದು ನನ್ನ ಹೆಗಲಿಗೆ. ಮೆಟ್ಟಿಲು ಎಷ್ಟಿದ್ದವೋ ಎಣಿಸಲಿಲ್ಲ, ಮೊಣಕಾಲು ಮಾತ್ರ ಮೂರು ದಿನ ಎಣಿಸಿತು. ಸೇತುವೆಯ ಮೇಲೆ ಉಸಿರು ಕಟ್ಟಿ ನಿಂತಾಗ ಆಚೆಯಿಂದ ಹುಣಸೆಕಟ್ಟೆಯ ಒಬ್ಬರು ಓಡಿಬಂದು "ಕೊಡಿ ಸಾರ್, ನೀವು ಕೊಡೆ ಹಿಡ್ಕೊಳ್ಳಿ" ಎಂದು ಸುರುಳಿ ಕಿತ್ತುಕೊಂಡರು.

ಕಟ್ಟೆಯ ಬಳಿ ಪಂಪು ಇಳಿದಿತ್ತು. ಪುರಸಭೆಯ ಟ್ರ್ಯಾಕ್ಟರು ತಂದ ಜನರೇಟರು ಆಗಲೇ ಗುಡುಗುತ್ತಿತ್ತು. ಮುನಿರಾಜು ಕಪ್ಲಿಂಗ್‌ಗಳನ್ನು ಟಕ್ ಟಕ್ ಎಂದು ಕೂರಿಸಿದರು. ಪೈಪು ಉಬ್ಬಿತು, ನೀರು ಚಿಮ್ಮಿತು. ಜೀಪಿನ ಪಕ್ಕ ನಿಂತಿದ್ದ ಅಧಿಕಾರಿ ವಾಚು ನೋಡಿ "ಐವತ್ತೊಂದು ನಿಮಿಷ" ಎಂದರು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಮುನಿರಾಜು ನೀರನ್ನೇ ನೋಡುತ್ತ ನಿಂತರು. ಮೊನ್ನೆ ಫೋನಿನಲ್ಲಿ ಕೇಳಿದಾಗ ಅದು ನಲವತ್ತೊಂಬತ್ತು ಎಂದರು. ನನ್ನ ಪುಸ್ತಕದಲ್ಲಿ ಐವತ್ತೊಂದು ಎಂದೇ ಇದೆ.

ಆಗ ಜಯಲಕ್ಷ್ಮಮ್ಮ ಮುಂದೆ ಬಂದರು. "ಸಾರ್, ಮಾರ್ಕ್ಸ್ ಆಮೇಲೆ ಹಾಕಿ. ನೋಡಿ, ಕಟ್ಟೇಲಿ ಇರೋ ನೀರು ಇರಲಿ ಬಿಡಿ. ಅಲ್ಲಿ ಜನ ನಿಂತವ್ರೆ."

"ಅಂಡರ್‌ಪಾಸಾ? ಅದು ನಿಮ್ಮ ಮೂವರಲ್ಲಿ ಯಾರ ವ್ಯಾಪ್ತಿಗೂ ಬರಲ್ವಲ್ಲ" ಎಂದರು ಅಧಿಕಾರಿ.

"ನೀರಿರೋ ತನಕ ನಮ್ದು ಸಾರ್. ಒಣಗಿದ್ಮೇಲೆ ಯಾರ್ದು ಅಂತ ವಿಚಾರಿಸೋಣ."

ಟ್ರ್ಯಾಕ್ಟರಿಗೆ ಪಂಪನ್ನೂ ಜನರೇಟರನ್ನೂ ಕಟ್ಟಿಕೊಂಡು ಹೊರಟರು. ಅಂಡರ್‌ಪಾಸಿನ ಹುಣಸೆಕಟ್ಟೆ ಬದಿಯಿಂದ ಪಂಪು ಇಳಿಸಿ, ಪೈಪನ್ನು ಪಕ್ಕದ ರಾಜಕಾಲುವೆಗೆ ಬಿಟ್ಟರು. ಒಂದೂಕಾಲು ಗಂಟೆ ಬೇಕಾಯಿತು. ಬೈಕಿನವರಲ್ಲಿ ಕೆಲವರು ಕಸ ಅಡ್ಡ ಬರದಂತೆ ಕಡ್ಡಿಯಿಂದ ಎಳೆಯುತ್ತಿದ್ದರು. ಹಾಲಿನ ವ್ಯಾನಿನ ಡ್ರೈವರು ಬಾನೆಟ್ಟಿನ ಮೇಲೆ ಕೂತು "ಇನ್ನೊಂದಡಿ, ಇನ್ನೊಂದಡಿ" ಎಂದು ಕಾಮೆಂಟರಿ ಕೊಡುತ್ತಿದ್ದ. ಅಧಿಕಾರಿ ಪ್ಯಾಂಟು ಮಡಚಿ ಪೈಪಿನ ಬಾಯಿ ಹಿಡಿದಿದ್ದರು. ಅದು ನಾಯಿಯ ಹಾಗೆ ಎಳೆದಾಡುತ್ತಿತ್ತು. ಕೊನೆಗೆ ಕಾಂಕ್ರೀಟು ಕಂಡಿತು, ಬೈಕುಗಳು ಒಂದೊಂದಾಗಿ ಹೊರಟವು.

ಜೀಪಿನ ಬಾನೆಟ್ಟಿನ ಮೇಲೆ ಕಾಗದ ಹರಡಿ ಅಧಿಕಾರಿ ಬರೆಯತೊಡಗಿದಾಗ ಮುನಿರಾಜು ದೂರದಲ್ಲೇ ನಿಂತಿದ್ದರು.

"ಐವತ್ತೊಂದು ಅಂತಲೇ ಬರೀತೀನಿ ಮೇಡಂ, ಸುಳ್ಳು ಬರೆಯೋಕಾಗಲ್ಲ. ಆದರೆ ತಡ ಆಗಿದ್ದು ಯಾಕೆ ಅನ್ನೋದೂ ಬರೀಬೇಕಲ್ಲ. ಗೋಡೌನು ಇರೋದು ಹಳಿಯ ಆಚೆ. ಎಲ್ಲಾ ಅಲ್ಲೇ ಇದ್ದಿದ್ದರೆ ಇವತ್ತು ಪಂಪೂ ಜನರೇಟರೂ ಆಚೇಲೇ ಉಳೀತಿತ್ತು. ಅವನ್ನ ಬ್ರಿಡ್ಜ್ ಮೇಲೆ ಯಾರು ಹೊರ್ತಾರೆ? ಈ ಮಳೆಗಾಲ ಇಲ್ಲೇ ಇರಲಿ ಅಂತ ಶಿಫಾರಸು ಮಾಡ್ತೀನಿ" ಎಂದು ಅವರು ಸಹಿ ಹಾಕಿದರು.

ಮೂರು ಪಾಲಾಗಿ ಒಡೆದದ್ದರಿಂದಲೇ ಹೊರಲು ಸಾಧ್ಯವಾಯಿತು ಎಂಬುದು ನನಗೆ ಹೊಳೆದಿರಲಿಲ್ಲ. ಅದನ್ನು ಹೀಗೆ ಯೋಚಿಸಿ ಮಾಡಿದಿರಾ ಎಂದು ಜಯಲಕ್ಷ್ಮಮ್ಮನವರನ್ನು ಕೇಳಿದೆ. "ಯೋಚ್ನೆ ಎಲ್ಲಿಂದ ಸಾರ್, ಜಗಳಕ್ಕೆ ಒಡೆದಿದ್ದು" ಎಂದರು. ಪಾಠದ ಪುಸ್ತಕದಲ್ಲಿ ಇದಕ್ಕೆ ಒಂದು ಹೆಸರು ಕೊಡುತ್ತಿದ್ದೆವು. ಅವರ ಉತ್ತರ ಅದಕ್ಕಿಂತ ಪ್ರಾಮಾಣಿಕವಾಗಿತ್ತು.

ಐದೂಕಾಲಿಗೆ ಅಂಡರ್‌ಪಾಸಿನ ಬಳಿಯ ಸ್ಟಾಪಿಗೆ ಕೆಂಗೇರಿಯ ಬಸ್ಸು ಬಂತು. ನಾನು ಹತ್ತಿ ಕಿಟಕಿಯ ಪಕ್ಕ ಕೂತೆ. ಡ್ರೈವರು ಟೀ ಕುಡಿಯಲು ಇಳಿದಿದ್ದ. ಟ್ರ್ಯಾಕ್ಟರು ಜನರೇಟರನ್ನು ಎಳೆದುಕೊಂಡು ಮೂಡಲಕೆರೆಯತ್ತ ತಿರುಗಿತ್ತು. ಶೋಭಾ ರೈಲು ನಿಲ್ದಾಣದ ಕಡೆಯಿಂದ ಗಾಡಿ ತಂದು, ಸುತ್ತಿಟ್ಟ ಪೈಪನ್ನು ಒಂದೊಂದಾಗಿ ಹೇರುತ್ತಿದ್ದರು. ಐದು ಏರಿದವು. ಆರನೆಯದನ್ನು ಮುನಿರಾಜು ತಮ್ಮ ಪಂಪಿನ ಪಕ್ಕಕ್ಕೆ ಸರಿಸಿಕೊಂಡಿದ್ದರು.

"ಇದೊಂದು ಇಲ್ಲೇ ಇರ್ಲಿ ಬಿಡಮ್ಮ. ಮಳೆ ಮತ್ತೆ ಬರೋ ಹಂಗೈತೆ."

"ಬೇಡ ಅಣ್ಣ, ಹಾಕಿ ಗಾಡಿಗೆ. ಇದ್ನ ಇಟ್ಕೊಂಡ್ರೆ ನಾಳೆ ಇನ್ನೊಂದ್ ಕೇಳ್ತೀರ. ಆಮೇಲೆ ನಮ್ನ ಕರೆಯೋದೇ ಮರೆತೋಗ್ತೀರ."

ಮುನಿರಾಜು ಒಂದು ಗಳಿಗೆ ಸುರುಳಿಯ ಮೇಲೆ ಕೈಯಿಟ್ಟೇ ನಿಂತರು. ಆಮೇಲೆ ಅದನ್ನು ಎತ್ತಿ ಗಾಡಿಯೊಳಗೆ ಹಾಕಿ, ಹಿಂಬಾಗಿಲಿನ ಕೊಂಡಿ ತಾವೇ ಬಿಗಿದರು. ನಮ್ಮ ಬಸ್ಸು ಹೊರಟಾಗ ಶೋಭಾ ಅವರ ಗಾಡಿ ದೀಪ ಹಚ್ಚಿಕೊಂಡು, ಆಗಷ್ಟೇ ನೀರಿಳಿದ ಅಂಡರ್‌ಪಾಸಿನೊಳಗೆ ಇಳಿಯುತ್ತಿತ್ತು.